ಎಲ್ಲರೂ ಹೊಗಳಿದರು, ಅವರಿಗೆ ನಿದ್ದೆ ಬರಲಿಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದ ಅವರಿಗೆ 26 ವರ್ಷ. ಈಜುಕೊಳದಲ್ಲಿ ಲೈಫ್‌ಗಾರ್ಡ್. ಏಳು ವಾರಗಳ ಹಿಂದೆ ಮುಳುಗುತ್ತಿದ್ದ ಹುಡುಗನೊಬ್ಬನನ್ನು ಮೇಲೆತ್ತಿ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಬದುಕಿಸಿದ್ದರು. ಹುಡುಗ ಈಗ ಆರಾಮಾಗಿದ್ದಾನೆ. ಇವರಿಗೆ ಮಾತ್ರ ನಲ್ಲಿ ನೀರಿನ ಸದ್ದಿಗೂ ಎದೆ ಡವಡವ. ಕಣ್ಣು ಮುಚ್ಚಿದರೆ ನೀರಿನಡಿಯ ಆ ಮುಖ.

"ಎಲ್ಲರೂ ಹೊಗಳ್ತಾರೆ ಮೇಡಂ. ತಡವಾಗಿ ನೋಡಿದೆ ಅನ್ನೋದು ನನಗೊಬ್ಬನಿಗೇ ಗೊತ್ತು."

"ನಿಮ್ಮ ತಪ್ಪೇನಿಲ್ಲ ಬಿಡಿ" ಎಂದು ನಾನು ಹೇಳಲಿಲ್ಲ. ಮನೆಯವರು ಅದನ್ನು ಆಗಲೇ ನೂರು ಸಲ ಹೇಳಿದ್ದರು. ಅದರಿಂದ ಅವರ ಬಾಯಿ ಕಟ್ಟಿತ್ತು, ಅಷ್ಟೇ. ಆ ಮಧ್ಯಾಹ್ನ ಏನೇನಾಯಿತು, ಮೊದಲಿಂದ ಹೇಳಿ ಅಂದೆ.

ಹುಡುಗ ಕೂಗಿರಬೇಕು, ತನಗೇ ಕೇಳಿಸಲಿಲ್ಲ ಎಂಬುದು ಅವರ ದೊಡ್ಡ ಕೊರಗು. ಆದರೆ ಮುಳುಗುವವರು ಸಾಮಾನ್ಯವಾಗಿ ಕೂಗುವುದೇ ಇಲ್ಲ. ಬಾಯಿ ನೀರಿನ ಮೇಲೆ ಬರುವ ಆ ಕ್ಷಣ ಉಸಿರಿಗೇ ಸಾಲದು. ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಿ ಕರೆಯಲು ಆಗದು. ಇದನ್ನು ವಿವರಿಸಿದ ಫ್ರಾಂಕ್ ಪಿಯಾ ಕೂಡ ಲೈಫ್‌ಗಾರ್ಡ್ ಆಗಿದ್ದವರೇ. ಈ ಒದ್ದಾಟ 20ರಿಂದ 60 ಸೆಕೆಂಡ್ ಎಂದು ಅವರು ಹೇಳಿದ್ದರು. ನನ್ನೆದುರು ಕೂತವರು ತರಬೇತಿಯಲ್ಲಿ ಇದೆಲ್ಲ ಕಲಿತಿದ್ದರು. ತಮ್ಮ ವಿಷಯಕ್ಕೆ ಬಂದಾಗ ಮರೆತಿದ್ದರು.

ಇನ್ನೊಂದು ಮಾತು ಸುಮ್ನೆ ಹೇಳಿದಂತೆ ಹೊರಬಿತ್ತು. ಅಂದು ಬದಲಿಗೆ ಬರಬೇಕಾದವರು ಬಂದಿರಲಿಲ್ಲ. ಎರಡು ಗಂಟೆ ಅದೇ ಕುರ್ಚಿ. 1948ರಲ್ಲಿ ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ಪ್ರಕಟಿಸಿದ ಪ್ರಯೋಗದಲ್ಲಿ, ಗಡಿಯಾರದಂಥ ಮುಳ್ಳನ್ನೇ ನೋಡುತ್ತಾ ಕೂತವರ ಗಮನ ಅರ್ಧ ಗಂಟೆಯೊಳಗೇ ಕುಗ್ಗಿತ್ತು. ಅದು ಸೋಮಾರಿತನ ಅಲ್ಲ, ಕಣ್ಣು ಮತ್ತು ಮನಸ್ಸಿನ ಮಿತಿ. ಇದನ್ನು ಕೇಳಿ ಅವರು ತುಂಬಾ ಹೊತ್ತು ಅತ್ತರು.

ಮನೆಗೆ ಹೋಗಿ ಹಾಳೆಯ ಒಂದು ಕಡೆ "ಆಗ ಗೊತ್ತಿದ್ದದ್ದು", ಇನ್ನೊಂದು ಕಡೆ "ಈಗ ಗೊತ್ತಾದದ್ದು" ಬರೆಯಲು ಹೇಳಿದೆ. ಅವರು ತಮ್ಮನ್ನೇ ಬೈದುಕೊಂಡದ್ದೆಲ್ಲ ಎರಡನೇ ಕಡೆಯೇ ಬಿತ್ತು. ಅರ್ಧ ಗಂಟೆಗೊಮ್ಮೆ ಬದಲಿ ಬೇಕೆಂದು ಮೇಲಿನವರಿಗೆ ಬರೆದುಕೊಡಿ ಅಂದೆ. ನಿದ್ದೆಗಾಗಿ ಶುರುಮಾಡಿದ್ದ ಕುಡಿತ ಬೇಡ ಅಂದೆ. ಕೊಳದಿಂದ ದೂರ ಓಡಿದಷ್ಟೂ ಭಯ ಜಾಸ್ತಿ ಆಗುತ್ತದೆ ಅಲ್ವಾ? ಹಾಗಾಗಿ ಮೊದಲು ಡ್ಯೂಟಿ ಇಲ್ಲದ ದಿನ, ಗೆಳೆಯನ ಜೊತೆ, ದಡದಲ್ಲಿ ಸ್ವಲ್ಪ ಹೊತ್ತು. ತಿಂಗಳು ದಾಟಿಯೂ ಹೀಗೆ ಕಾಡುತ್ತಿದ್ದುದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ.

ಈಗ ದಡದಲ್ಲಿ ಅರ್ಧ ಗಂಟೆ ಕೂರುತ್ತಾರೆ. ಕುರ್ಚಿ ಇನ್ನೂ ಹತ್ತಿಲ್ಲ. ಹುಡುಗನ ತಾಯಿ ಒಮ್ಮೆ ನೋಡಬೇಕೆಂದು ಕೇಳುತ್ತಲೇ ಇದ್ದಾರಂತೆ. ಇವರು ಈಗಲೇ ಬೇಡ ಅಂದಿದ್ದಾರೆ. ನಾನೂ ಒತ್ತಾಯ ಮಾಡಿಲ್ಲ.