‘20% ಅಪಾಯ ಕಡಿಮೆ’ ಅಂದ್ರೆ ಎಷ್ಟು?

ತೀರ್ಥಹಳ್ಳಿಯವರೇ, ಅಪ್ಪಯ್ಯನಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದೆ, ಶುಗರ್ ಇಲ್ಲ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 28. ತೂಕ ಇಳಿಸೋ ಸೆಮಾಗ್ಲುಟೈಡ್ ಇಂಜೆಕ್ಷನ್ನಿಂದ ಹೃದಯದ ಅಪಾಯ 20% ತಗ್ಗುತ್ತದಂತೆ, ಅಡಿಕೆ ದುಡ್ಡು ಅದಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ.

ಆ 20% 2023ರ ‘ಸೆಲೆಕ್ಟ್’ ಅಧ್ಯಯನದ್ದು. 17,604 ಜನ, ನಿಮ್ಮ ಅಪ್ಪಯ್ಯನಂಥವರೇ. ಸುಮಾರು 40 ತಿಂಗಳಲ್ಲಿ ಹೃದಯಾಘಾತ, ಲಕ್ವ ಅಥವಾ ಹೃದ್ರೋಗದ ಸಾವು ಕಂಡವರು: ಬರೀ ಹುಸಿ ಸೂಜಿ ತಗೊಂಡವರಲ್ಲಿ 100ಕ್ಕೆ 8, ಔಷಧಿ ತಗೊಂಡವರಲ್ಲಿ 6.5. 8ರಲ್ಲಿ ಒಂದೂವರೆ ಕಡಿಮೆ, ಆ 20% ಅಂದ್ರೆ ಹೆಚ್ಚುಕಡಿಮೆ ಇದೇ. ಅಂದರೆ ಹೆಚ್ಚುಕಡಿಮೆ 67 ಜನಕ್ಕೆ ಕೊಟ್ಟರೆ ಒಬ್ಬರು ಪಾರು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಹಾಗೆ. ತೋಟಕ್ಕೆಲ್ಲ ಹೊಡೀತೀವಿ, ಯಾವ ಮರದ ಗೊನೆ ಅದರಿಂದಲೇ ಉಳೀತು ಅಂತ ಗೊತ್ತಾಗಲ್ಲ.

ಇಷ್ಟೇ ಲೆಕ್ಕ ಅಲ್ಲ, ತೂಕ ಇಳಿದು ದಿನದ ಬದುಕು ಹಗುರಾಗೋದೂ ಲೆಕ್ಕಕ್ಕೆ ಬರಬೇಕು. ಆರೋಗ್ಯ ಅರ್ಥಶಾಸ್ತ್ರದವರು ಪೂರ್ತಿ ಆರೋಗ್ಯದ ಒಂದು ವರ್ಷಕ್ಕೆ 1 ಅಂಕ ಕೊಟ್ಟರೆ, ಮಂಡಿನೋವು, ಏದುಸಿರಿನ ವರ್ಷಕ್ಕೆ ಅದಕ್ಕಿಂತ ಕಡಿಮೆ ಕೊಡುತ್ತಾರೆ. ನಮ್ಮ ಮಾವ ತೋಟದಿಂದ ದರೆ ಹತ್ತುವಾಗ ಮೂರು ಕಡೆ ನಿಲ್ತಿದ್ದರು; 9 ಕೆಜಿ ಇಳಿದ ಮೇಲೆ ಒಂದೇ ಕಡೆ, ಅದೂ ಎಲೆಅಡಿಕೆ ಹಾಕೋಕೆ!

ದುಡ್ಡಿನ ವಿಷಯಕ್ಕೆ ಬಂದರೆ, ಒಂದು ವರ್ಷದ ಖರ್ಚು ನೋಡಬೇಡಿ. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ವರ್ಷದೊಳಗೆ ವಾಪಸ್. ಅಡಿಕೆ ರೇಟು ಬಿದ್ದ ವರ್ಷವೂ ಕೊಡೋಕಾಗುತ್ತಾ ನೋಡಿ. ಅಪ್ಪಯ್ಯನ ಸೊಂಟ 90 ಸೆಂ.ಮೀ. (ಗಂಡಸರಲ್ಲಿ ಹೊಟ್ಟೆಬೊಜ್ಜಿನ ಗಡಿ) ದಾಟಿದೆಯಾ ಅಂತ ಟೇಪು ಹಿಡಿದು ಅಳೆಯಿರಿ, ಆಮೇಲೆ ಹೃದಯದ ಡಾಕ್ಟರ ಮುಂದೆ ಈ 67ರ ಲೆಕ್ಕವನ್ನೇ ಇಟ್ಟು ಕೇಳಿ.