ಪೇಪರಿಗೆ ಬರೆಯುವವರು ಪಾಠ ಹೇಳಬಹುದೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ವಿಯೆನ್ನಾದ ಸಂಗೀತ ವಿಮರ್ಶಕ ಎಡುವರ್ಡ್ ಹಾನ್ಸ್‌ಲಿಕ್ ಅವರನ್ನು ಜಾಸ್ತಿ ಹೊಗಳಿದ್ದೀರಿ. ಓದಿದ್ದು ಕಾನೂನು, ಸೇರಿದ್ದು ಸರ್ಕಾರಿ ನೌಕರಿಗೆ, ಬರೆದಿದ್ದು ಪೇಪರಿಗೆ. ಅಂಥವರನ್ನು ಪ್ರೊಫೆಸರ್ ಮಾಡಿದ್ದು ಸರಿಯೇ? ರಷ್ಯಾದ ದೊಡ್ಡ ಸಂಗೀತ ರಚನಕಾರ ಚೈಕಾವ್‌ಸ್ಕಿಯನ್ನೇ ಬೈದವರಲ್ವಾ?

ಸಂಪಾದಕರ ಉತ್ತರ: ನಮಸ್ಕಾರ. ಸುಮ್ನೆ ಕರೆದು ಕುರ್ಚಿ ಕೊಟ್ಟಿದ್ದಲ್ಲ. 1854ರಲ್ಲಿ, ಮೂವತ್ತು ತುಂಬುವ ಮೊದಲೇ, ಸಂಗೀತದ ಸೌಂದರ್ಯದ ಬಗ್ಗೆ ಅವರೊಂದು ಚಿಕ್ಕ ಪುಸ್ತಕ ಬರೆದರು. ಭಾವನೆ ಹೇಳುವುದು ಸಂಗೀತದ ಕೆಲಸವಲ್ಲ, ಸ್ವರಗಳ ಚಲನೆಯಲ್ಲೇ ಅದರ ಚೆಲುವಿದೆ ಎಂಬುದು ಅವರ ವಾದ. ಅದಕ್ಕೆ ಸಂಗೀತ ರಚನಕಾರ ಗ್ಲುಕ್‌ನ ‘ಆರ್ಫಿಯೋ’ ಒಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಒಂದು ಹಾಡಿನ ಉದಾಹರಣೆ ಕೊಡುತ್ತಾರೆ. ಹೆಂಡತಿಯನ್ನು ಕಳೆದುಕೊಂಡ ಆರ್ಫಿಯೋ ದುಃಖದಿಂದ ಹಾಡುವ ಹಾಡು ಅದು. ‘ಕಳೆದುಕೊಂಡೆ’ ಅನ್ನುವ ಕಡೆ ‘ಮತ್ತೆ ಸಿಕ್ಕಳು’ ಎಂದು ಹಾಕಿ ನೋಡಿ, ಧಾಟಿ ಅಷ್ಟೇ ಚೆನ್ನಾಗಿ ಹೊಂದುತ್ತದೆ ಅನ್ನುತ್ತಾರೆ. ಮಾತಿಲ್ಲದ ಆಲಾಪನೆಗೆ ತಲೆದೂಗುವ ನಮಗೆ ಇದು ತೀರಾ ಹೊಸದೇನಲ್ಲ. ಆದರೂ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಯೋಚಿಸಿದ್ದೆ.

1856ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯ ಅದೇ ಪುಸ್ತಕವನ್ನು ಪ್ರಬಂಧವಾಗಿ ಒಪ್ಪಿಕೊಂಡು ಪಾಠ ಹೇಳಲು ಬಿಟ್ಟಿತು. ಸಂಬಳವಿಲ್ಲದ ಕೆಲಸ. 1870ಕ್ಕೆ ಪೂರ್ಣ ಪ್ರೊಫೆಸರ್ ಆದರು. ಪೇಪರಿಗೆ ಬರೆಯುವುದನ್ನು ಮಾತ್ರ ಬಿಡಲಿಲ್ಲ. ನನಗೆ ಹಿಡಿಸಿದ್ದು ಇದಲ್ಲ, ಪಾಠ ಹೇಳುತ್ತಾ ಅವರು ಕಲಿತದ್ದು. ಸೌಂದರ್ಯದ ಬಗ್ಗೆ ಇನ್ನೂ ದೊಡ್ಡ ಪುಸ್ತಕ ಬರೆಯುವ ಆಸೆ ಇತ್ತು. ಚರಿತ್ರೆ ಗೊತ್ತಿಲ್ಲದೆ ಅದು ಆಗದು ಅನ್ನಿಸಿ, ಅದನ್ನು ಬದಿಗಿಟ್ಟು ವಿಯೆನ್ನಾದ ಸಂಗೀತ ಕಚೇರಿಗಳ ಚರಿತ್ರೆ ಬರೆದರು. ಅದು ಬಂದದ್ದು 1869ರಲ್ಲಿ. ಹೆಸರು ಮಾಡಿದ ಮೇಲೂ ಹೀಗೆ ಮತ್ತೆ ಓದಲು ಕೂತವರ ಬಗ್ಗೆ ನನಗೆ ತುಂಬಾ ಗೌರವ.

ಚೈಕಾವ್‌ಸ್ಕಿ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. 1881ರ ಡಿಸೆಂಬರ್‌ನಲ್ಲಿ ಚೈಕಾವ್‌ಸ್ಕಿಯ ವಯಲಿನ್ ಕಾನ್ಸರ್ಟೋ (ವಾದ್ಯವೃಂದದ ಜೊತೆ ಒಂಟಿ ವಯಲಿನ್ ನುಡಿಸುವ ಕೃತಿ) ಕೇಳಿ, ಹಾನ್ಸ್‌ಲಿಕ್ ಕಿವಿಗೆ ನಾರುವ ಸಂಗೀತವೂ ಇರಬಹುದು ಎಂಬರ್ಥದಲ್ಲಿ ಬರೆದರು. ಆಗ ಪ್ರೊಫೆಸರ್ ಆಗಿ ಹನ್ನೊಂದು ವರ್ಷ. ಕುರ್ಚಿಯಿಂದ ಕಿವಿ ತಿದ್ದುವುದಿಲ್ಲ, ಒಪ್ಪುತ್ತೇನೆ. ಸಂಗೀತ ರಚನಕಾರ ಬ್ರುಕ್ನರ್ ಬಗ್ಗೆಯೂ ಅವರು ಅಷ್ಟೇ ಬಿಗಿಯಾಗಿದ್ದರು, ಅದೂ ತಪ್ಪೆಂದೇ ನನಗನಿಸುತ್ತದೆ.

ಆದರೂ ಆ ಚಿಕ್ಕ ಪುಸ್ತಕವನ್ನು ಬಿಡಬೇಡಿ. ಎರಡನೇ ಅಧ್ಯಾಯದಿಂದಲೇ ಶುರು ಮಾಡಿ, ಆರ್ಫಿಯೋ ಹಾಡನ್ನೂ ಕೇಳಿ. ನಿಮ್ಮ ಕಿವಿಗೆ ಅದು ದುಃಖವೋ ಸಂತೋಷವೋ, ಬರೆದು ತಿಳಿಸಿ.