ಯುದ್ಧಕ್ಕೆ ಹೋದ ನಾಯಿಗೆ ಶತ್ರು ಯಾರೆಂದು ಗೊತ್ತಾ?

ಪ್ರಶ್ನೆ: ನಮ್ಮ ಅಜ್ಜ ಮಿಲಿಟರಿಯಲ್ಲಿದ್ದವರು. ರಷ್ಯಾದವರು ನಾಯಿಗೆ ಬಾಂಬ್ ಕಟ್ಟಿ ಟ್ಯಾಂಕ್ ಕೆಳಗೆ ಬಿಡುತ್ತಿದ್ದರು ಅಂತ ಹೇಳ್ತಾರೆ. ನಿಜಾನಾ, ಇಲ್ಲ ಸಂಜೆ ಗ್ಲಾಸ್ ಹಿಡಿದ ಮೇಲೆ ಹುಟ್ಟುವ ಕತೆಯಾ?
– ಓದುಗರು, ವಿರಾಜಪೇಟೆ

ಉತ್ತರ: ಅಜ್ಜನಿಗೆ ಇನ್ನೊಂದು ಪೆಗ್ ಹಾಕಿಕೊಡಿ, ಅವರು ಹೇಳಿದ್ದು ನಿಜ. 1941ರಲ್ಲಿ ಜರ್ಮನ್ ಟ್ಯಾಂಕ್‌ಗಳು ನುಗ್ಗಿ ಬಂದಾಗ ಸೋವಿಯತ್ ಸೈನ್ಯ ಈ ಕೆಲಸ ಮಾಡಿತು. ನಾಯಿಗಳನ್ನು ಹಸಿವಿನಲ್ಲಿಟ್ಟು, ಟ್ಯಾಂಕ್ ಅಡಿಯಲ್ಲೇ ಊಟ ಇಟ್ಟು ಅಭ್ಯಾಸ ಮಾಡಿಸಿದರು. ಯುದ್ಧದ ದಿನ ಬೆನ್ನಿಗೆ ಸ್ಫೋಟಕ ಕಟ್ಟಿ, ಮೇಲೆ ಒಂದು ಕಡ್ಡಿ ನಿಲ್ಲಿಸಿ ಬಿಟ್ಟರೆ ಆಯಿತು. ನಾಯಿ ಅನ್ನ ಸಿಗುತ್ತೆ ಅಂತ ಟ್ಯಾಂಕ್ ಕೆಳಗೆ ನುಸುಳುತ್ತದೆ, ಕಡ್ಡಿ ತಾಗಿ ಬಗ್ಗುತ್ತದೆ, ಎಲ್ಲ ಮುಗಿಯಿತು.

ಆದರೆ ಎಡವಟ್ಟಾಯಿತು ನೋಡಿ. ನಾಯಿಗಳು ಕಲಿತದ್ದು ತಮ್ಮವರ ನಿಂತ ಟ್ಯಾಂಕ್‌ಗಳ ಕೆಳಗೆ, ಅವು ಡೀಸೆಲ್‌ನವು. ಜರ್ಮನ್ನರದ್ದು ಪೆಟ್ರೋಲ್ ಟ್ಯಾಂಕ್, ವಾಸನೆಯೇ ಬೇರೆ, ಸಾಲದ್ದಕ್ಕೆ ಓಡುತ್ತಾ ಗುಂಡು ಹಾರಿಸುತ್ತಿದ್ದವು. ಎಷ್ಟೋ ನಾಯಿಗಳು ಬೆದರಿ, ಬೆನ್ನ ಮೇಲಿನ ಬಾಂಬ್ ಸಮೇತ ತಮ್ಮವರ ಕಂದಕಕ್ಕೇ ವಾಪಸ್ ಓಡಿ ಬಂದವು. ನಮ್ಮ ಮನೆ ನಾಯಿ ಗೇಟಿನ ಆಚೆ ತಿರುವಿನಲ್ಲೇ ನಮ್ಮ ಜೀಪಿನ ಸದ್ದು ಗುರುತು ಹಿಡಿದು ಓಡಿ ಬರುತ್ತದೆ, ಪಕ್ಕದ ತೋಟದವರ ಜೀಪಿಗೆ ತಲೆ ಕೂಡ ಎತ್ತುವುದಿಲ್ಲ. ಆ ನಾಯಿಗಳೂ ಅಷ್ಟೇ ಅಲ್ವಾ? ಗೊತ್ತಿದ್ದ ವಾಸನೆ ಹುಡುಕಿಕೊಂಡು ಮನೆಗೆ ಬಂದವು. ಶತ್ರು, ಗಡಿ ಎಲ್ಲ ನಮ್ಮ ತಲೆಯಲ್ಲಿರುವುದು.

ಎಲ್ಲರೂ ಹೀಗೇ ಬಳಸಿದರು ಅಂತಲ್ಲ. ಮೊದಲ ಮಹಾಯುದ್ಧದಲ್ಲಿ ಔಷಧಿ ಚೀಲ ಹೊತ್ತು, ಕತ್ತಲಲ್ಲಿ ಗಾಯಾಳುಗಳನ್ನು ಹುಡುಕುತ್ತಿದ್ದ ನಾಯಿಗಳಿದ್ದವು. ನನ್ನ ಕೇಳಿದರೆ ನಾಯಿಗೆ ತಕ್ಕ ಕೆಲಸ ಅಂದರೆ ಅದು.

ಪ್ರಶ್ನೆ: ನಮ್ಮ ತೋಟದ ನಾಯಿ ಕಾಡುಹಂದಿಗೂ ಹೆದರುವುದಿಲ್ಲ. ಸೈನ್ಯಕ್ಕೆ ಸೇರಿಸಬಹುದಾ?
– ಓದುಗರು, ಗೋಣಿಕೊಪ್ಪ

ಉತ್ತರ: ಧೈರ್ಯ ಇದ್ದರೆ ಸಾಲದು. ನಮ್ಮದೂ ಹಂದಿಯ ಹಿಂದೆ ಓಡುವ ಶೂರನೇ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಮೊದಲ ಗುಂಡು ಹೊಡೆದರೆ ಸಾಕು, ಸೌದೆ ರಾಶಿಯ ಹಿಂದೆ ಸೇರಿಕೊಂಡವನು ಹಂದಿ ಸಾರಿನ ವಾಸನೆ ಬರುವ ತನಕ ಹೊರಗೆ ಬರುವುದಿಲ್ಲ! ನಮ್ಮ ಸೈನ್ಯದ ನಾಯಿಗಳಿಗೆ ಮೀರತ್‌ನಲ್ಲಿ ತರಬೇತಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನ್ವಾ ಜಾಸ್ತಿ, ಬಾಗಲಕೋಟೆ ಕಡೆಯ ನಮ್ಮ ಮುಧೋಳ ನಾಯಿಯನ್ನೂ ತೆಗೆದುಕೊಂಡಿದ್ದಾರೆ. ಕಚ್ಚುವುದಕ್ಕಿಂತ ಮೂಸುವ ಕೆಲಸವೇ ಹೆಚ್ಚು, ನೆಲದಡಿಯ ಬಾಂಬ್, ಅಡಗಿ ಕೂತವರು, ಹೀಗೆ. 2023ರ ಸೆಪ್ಟೆಂಬರ್‌ನಲ್ಲಿ ರಜೌರಿಯಲ್ಲಿ ಕೆಂಟ್ ಎಂಬ 6 ವರ್ಷದ ಹೆಣ್ಣು ಲ್ಯಾಬ್ರಡಾರ್, ಓಡುತ್ತಿದ್ದ ಉಗ್ರರ ಜಾಡು ಹಿಡಿದು ಮುಂದೆ ಹೋಗುವಾಗ ಗುಂಡು ತಗುಲಿ ಸತ್ತಿತು. ತನ್ನನ್ನು ನಡೆಸುತ್ತಿದ್ದ ಸೈನಿಕನಿಗೆ (ಹ್ಯಾಂಡ್ಲರ್) ಅಡ್ಡ ನಿಂತು ಅವರನ್ನು ಉಳಿಸಿತು ಅಂತ ಸೈನ್ಯವೇ ಹೇಳಿತು. ನಿಮ್ಮ ನಾಯಿ ತೋಟದಲ್ಲೇ ಇರಲಿ ಬಿಡಿ, ಚಿರತೆಯಿಂದ ಕಾಪಾಡಿಕೊಂಡರೆ ಸಾಕು.

ಪ್ರಶ್ನೆ: ಹೊರಗಿನವರ ಕತೆಯಾಯಿತು. ಕನ್ನಡನಾಡಿನ ಹಳೆಯ ಯುದ್ಧಗಳಲ್ಲಿ ನಾಯಿ ಇಲ್ಲವಾ?
– ಓದುಗರು, ಸೋಮವಾರಪೇಟೆ

ಉತ್ತರ: ಯುದ್ಧದಲ್ಲಿ ಅಲ್ಲ, ಯುದ್ಧ ಮುಗಿದ ಮೇಲೆ ಒಂದು ನಾಯಿ ಬರುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ, ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಸುಮಾರು 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರು, ಗಂಗರು ಸೇರಿ ಚೋಳರ ಮೇಲೆ ಗೆದ್ದಾಗ, ಗಂಗರ ದೊರೆ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರ ಚೆನ್ನಾಗಿ ಹೋರಾಡಿದ. ಮೆಚ್ಚಿದೆ, ಏನು ಬೇಕೋ ಕೇಳು ಎಂದು ರಾಜ ಹೇಳಿದರೆ ಆ ಮಹಾಶಯ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು, ಎರಡೂ ಕಾದಾಡಿ ಸತ್ತವು. ಕಾಳಿಗೆ ಗುಡಿಯ ಮುಂದೆ ಕಲ್ಲು ನೆಟ್ಟರು, ಭೂಮಿಯನ್ನೂ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆ ಅಂತ ಅದರಲ್ಲೇ ಬರೆಸಿದ್ದಾರೆ.